ಕೊಬ್ಬರಿ ಎಣ್ಣೆ ಕುಡಿದ ಕೋವಿ

ಮಾಗಿ ಬಂತೆಂದರೆ ಗಂಡಸಿಯ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಬಿಸಿಲು ಕಾಯಲು ಕೂರುವುದು ಅವ್ವನೂ ಅಲ್ಲ, ಬೆಕ್ಕೂ ಅಲ್ಲ, ಕೊಬ್ಬರಿ ಎಣ್ಣೆಯ ಬಾಟಲು. ರಾತ್ರಿಯ ಚಳಿಗೆ ಎಣ್ಣೆ ಸುಣ್ಣದ ಹಾಗೆ ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಅವ್ವ ಅದನ್ನು ಜಗುಲಿಯ ಅಂಚಿಗಿಟ್ಟು, ಪಕ್ಕದಲ್ಲೇ ತಲೆ ಬಿಚ್ಚಿಕೊಂಡು ಕರಗುವುದನ್ನು ಕಾಯುತ್ತಾಳೆ. ಮೊನ್ನೆಯೂ ಇಟ್ಟಳು. ನಾನು ಬ್ರಷ್ ಬಾಯಲ್ಲಿಟ್ಟುಕೊಂಡು ಸದ್ದಿಲ್ಲದೆ ಹಾದು ಹೋಗುತ್ತಿದ್ದೆ.

"ಏನ್ಲಾ ಸೀನ, ಎಣ್ಣೆ ಒಂದೇ ಸಾಕಾ, ಇಲ್ಲ ಕೋವೀನೂ ತಂದು ಪಕ್ಕದಲ್ಲಿ ಮಲಗುಸ್ತೀಯಾ?"

ಅವ್ವನದು ಎರಡು ವರ್ಷದಿಂದ ಇದೇ ಮಾತು. ಮಾಗಿಯಲ್ಲಿ ನಾನು ಊರಿಗೆ ಬಂದಾಗಲೆಲ್ಲ ಒಂದು ಸಲ, ನೆಂಟರು ಬಂದರೆ ಎರಡು ಸಲ. ನಾನು ನೊರೆ ಉಗಿದು ನಗುತ್ತೇನೆ. ಬಾಟಲಲ್ಲಿರುವ ಎಣ್ಣೆ ಕರಗಲು ಹತ್ತು ನಿಮಿಷ ಸಾಕು. ಮರದೊಳಗೆ ಹೋದ ಎಣ್ಣೆಯನ್ನು ಹೊರಗೆ ತೆಗೆಯಲು ಎಷ್ಟು ದಿನ ಬೇಕು ಎಂಬುದು ಈ ತಾಲ್ಲೂಕಿನಲ್ಲಿ ನನ್ನೊಬ್ಬನಿಗೇ ಗೊತ್ತು.

ಆ ವರ್ಷ ನನಗೆ ಇಪ್ಪತ್ತಮೂರು. ಊರಲ್ಲಿ ನನ್ನ ಹೆಸರು ಅರ್ಧ ಸೀನ. ಸುಮ್ಮನೆ ಬಂದ ಹೆಸರಲ್ಲ, ದುಡಿದು ಸಂಪಾದಿಸಿದ್ದು. ಡಿಪ್ಲೊಮಾ ಎರಡು ವಿಷಯ ಬಾಕಿ ಉಳಿಸಿಕೊಂಡು ನಿಂತಿತ್ತು. ಡ್ರೈವಿಂಗ್ ಕಲಿಯಲು ಲರ್ನಿಂಗ್ ಲೈಸೆನ್ಸ್ ಮೂರು ಸಲ ಮಾಡಿಸಿ, ಮೂರು ಸಲವೂ ಅವಧಿ ಮೀರಿಸಿದ್ದೆ. ಮಂಚದ ಕೆಳಗೆ ಅಣಬೆ ಬೆಳೆಯುತ್ತೇನೆಂದು ಹೊರಟಾಗ ಬಂದದ್ದು ಒಂದೇ ಒಂದು ಅಣಬೆ. ತಿಳಿದವರು ಅದನ್ನೂ ನೋಡಿ, ಇದು ನೀನು ಹಾಕಿದ್ದಲ್ಲ, ತಾನಾಗಿ ಹುಟ್ಟಿದ್ದು ಎಂದರು. ಮನೆಯ ಕಾಂಪೌಂಡ್ ಗೋಡೆಗೆ ನೀಲಿ ಬಣ್ಣ ಹೊಡೆಯಲು ಶುರು ಮಾಡಿ ಗೇಟಿನ ತನಕ ಬಂದು ನಿಲ್ಲಿಸಿದ್ದೆ. ದಾರಿ ಕೇಳಿದವರಿಗೆ ಊರಿನವರು "ಅರ್ಧ ನೀಲಿ ಗೋಡೆ ಐತಲ್ಲ, ಅದೇ ಮನೆ" ಎನ್ನುತ್ತಿದ್ದರು. ಅಪ್ಪ ಮೊದಲೆಲ್ಲ ಚೆನ್ನಾಗಿ ಬೈಯುತ್ತಿದ್ದರು. ಆ ವರ್ಷ ಬೈಯುವುದನ್ನೇ ನಿಲ್ಲಿಸಿದ್ದರು. ಗೋಡೆಯ ಮುಂದೆ ಹಾದು ಹೋಗುವಾಗ ಮುಖ ಆ ಕಡೆ ತಿರುಗಿಸುತ್ತಿದ್ದರು, ಅಷ್ಟೇ. ಅದು ಬೈಗುಳಕ್ಕಿಂತ ಹೆಚ್ಚು ಉರಿಯುತ್ತಿತ್ತು.

ನನಗೆ ನಿಜವಾಗಿ ಮನಸ್ಸು ಹತ್ತಿದ್ದು ಒಂದೇ ಕೆಲಸಕ್ಕೆ. ಬೇಲೂರಿನ ಹೋಂಸ್ಟೇ ಒಂದರಲ್ಲಿ ಗೋಡೆ ಕೆರೆಯಲು ಹೋಗಿದ್ದಾಗ, ಬೂದು ಹಿಡಿದ ಹಳೇ ಬಾಗಿಲೊಂದು ಒಬ್ಬ ಮುದುಕರ ಕೈಯಲ್ಲಿ ನಾಲ್ಕು ದಿನದಲ್ಲಿ ಎದ್ದು ಕೂತದ್ದನ್ನು ನೋಡಿದ್ದೆ. ಮರದ ಗೆರೆಗಳು ಒಂದೊಂದಾಗಿ ಕಣ್ಣು ಬಿಡುತ್ತಿದ್ದವು. ನಾನು ಕೆರೆಯುವುದು ಬಿಟ್ಟು ಅಲ್ಲೇ ಕೂತೆ, ಗೋಡೆಯ ಮೇಸ್ತ್ರಿ ನನ್ನನ್ನು ಅರ್ಧ ದಿನಕ್ಕೇ ಮನೆಗೆ ಕಳಿಸಿದ. ಆ ಮುದುಕರು ರುದ್ರಾಚಾರ್ರು. ಹಳೇಬೀಡಿನಿಂದ ಮಾದಿಹಳ್ಳಿಗೆ ಹೋಗುವ ರಸ್ತೆಯಲ್ಲಿ ಅವರ ಶೆಡ್ಡು. ಆಯುಧಪೂಜೆ ಕಳೆದ ವಾರ ನಾನು ಕೆಲಸ ಕೇಳಿಕೊಂಡು ಅಲ್ಲಿಗೆ ಹೋದೆ.

"ಏನೇನು ಬತ್ತೈತೆ ನಿಂಗೆ?" ಎಂದರು ಆಚಾರ್ರು, ಉಳಿಯಿಂದ ಕಣ್ಣೆತ್ತದೆ.

"ಪಾಲಿಶ್ ಕೆಲ್ಸ ಎಲ್ಲಾ ಬತ್ತೈತೆ ಆಚಾರ್ರೇ."

"ಎಲ್ಲಾನಾ?"

"ಎಲ್ಲಾ."

"ನಂಗೆ ಅರವತ್ತೆಂಟು. ನಂಗೇ ಇನ್ನೂ ಎಲ್ಲಾ ಬರಲ್ಲ ಕಣಪ್ಪ."

ಮೂಲೆಯ ಸ್ಟೂಲಿನಿಂದ ಒಂದು ನಗು ಕೇಳಿಸಿತು. ತಿರುಗಿದರೆ ಕೋವಿ! ಅದರ ಹಿಂದೆ, ಅದನ್ನು ಮೊಣಕಾಲ ಮಧ್ಯೆ ನಿಲ್ಲಿಸಿಕೊಂಡು ಕೂತ ಕಡ್ಡಿ ದೇಹದ ಹಿರಿಯರು. ನನ್ನ ಕೈ ನನಗೆ ಹೇಳದೆ ಕೇಳದೆ ಮೇಲೆ ಹೋಗಿತ್ತು.

"ಕೈ ಇಳಿಸಯ್ಯ, ಇದು ಹಾರಲ್ಲ" ಎಂದರು ಅವರು.

ಅವರು ನಂಜುಂಡಪ್ಪ, ನಿವೃತ್ತ ಡ್ರಿಲ್ ಮೇಷ್ಟ್ರು. ನಲವತ್ತು ವರ್ಷದ ಹಿಂದೆ ಶಾಲೆಯ ಸ್ವಾತಂತ್ರ್ಯ ಹೋರಾಟದ ನಾಟಕಕ್ಕೆ ಒಂದು ಕೋವಿ ಬೇಕಾಗಿತ್ತಂತೆ. ಬಿಕ್ಕೋಡಿನ ಕಡೆಯ ಯಾವುದೋ ಎಸ್ಟೇಟ್ ಬಂಗಲೆಯ ಗೋಡೆಯಲ್ಲಿ ಹಳೇ ಕಾಲದ ಸಿಪಾಯಿ ಕೋವಿಯೊಂದು ತೂಗುತ್ತಿತ್ತು. ಮೇಷ್ಟ್ರು ಆಗಿನ್ನೂ ಅಪ್ಪನ ಕೈಕೆಳಗೆ ದುಡಿಯುತ್ತಿದ್ದ ರುದ್ರಾಚಾರ್ರನ್ನು ಜೀಪಿನಲ್ಲಿ ಹತ್ತಿಸಿಕೊಂಡು ಹೋಗಿ, ದಾರ ಹಿಡಿದು ಅಳತೆ ತೆಗೆದು, ನ್ಯೂಸ್‌ಪೇಪರಿನ ಮೇಲೆ ಅದರ ಆಕಾರ ಬರೆದುಕೊಂಡು ಬಂದರು. ಹಲಸಿನ ಮರದಲ್ಲಿ ಮೈ ಆಯಿತು. ನಳಿಗೆಗೆ ನೀರಿನ ಪೈಪು. ಬೆರಳಿಟ್ಟು ಎಳೆಯುವ ಕುದುರೆಗೆ ಸೈಕಲ್ಲಿನ ಬ್ರೇಕ್ ಹಿಡಿ. ಹತ್ತು ಅಡಿ ದೂರದಿಂದ ನೋಡಿದರೆ ಥೇಟ್ ಅಸಲಿ. ಅಂದಿನಿಂದ ಪ್ರತಿ ಜನವರಿ ಇಪ್ಪತ್ತಾರಕ್ಕೆ ನಾಟಕ ಯಾವುದೇ ಇರಲಿ, ಅದರಲ್ಲೊಬ್ಬ ಪಹರೆ ಸಿಪಾಯಿ ಇರುತ್ತಾನೆ, ಆ ಸಿಪಾಯಿ ನಂಜುಂಡಪ್ಪ ಮೇಷ್ಟ್ರೇ. ನಿವೃತ್ತಿಯಾದ ಮೇಲೂ ಆ ಪಾತ್ರವನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಕೋವಿಯ ಗತಿ ಮಾತ್ರ ಕೆಟ್ಟಿತ್ತು. ಪ್ರತಿ ಆಯುಧಪೂಜೆಗೆ ಅದಕ್ಕೆ ಕುಂಕುಮ, ಅರಿಸಿನ, ವಿಭೂತಿ. ಅದರ ಮೇಲೆ ಭಕ್ತಿಗೊಂದು ಕೋಟು ವಾರ್ನಿಶ್. ಒರೆಸಿದವರಿಲ್ಲ, ಬಳಿದವರೇ ಎಲ್ಲ. ಮರ ಈಗ ಡಾಂಬರಿನ ಹಾಗೆ ಕಪ್ಪಾಗಿ ಅಂಟುತ್ತಿತ್ತು.

"ಹೋದ್ ವರ್ಷ ವಿಶ್ರಾಮ್ ಅಂತ ಕೋವಿ ಇಳಿಸ್ದೆ. ಖಾಕಿ ಶರ್ಟಿನ ಎರಡು ಗುಂಡಿ ಅದರ ಜೊತೇಲೇ ಇಳಿದ್ವು" ಎಂದರು ಮೇಷ್ಟ್ರು. "ಈ ಸಲ ಕಣ್ಣಿನ ಆಪರೇಷನ್ ಬೇರೆ ಐತೆ. ಹೊಸ ಕನ್ನಡಕ ಹಾಕ್ಕೊಂಡು ಇದನ್ನ ನೋಡಿದ್ರೆ ಮರದ ಬಣ್ಣ ಕಾಣ್ಬೇಕು, ರುದ್ರ. ನೀನೇ ಮಾಡಿದ್ದು, ನೀನೇ ಸರಿ ಮಾಡ್ಕೊಡು."

"ನಂಗೆ ಸಂಕ್ರಾಂತಿಗಂಟ ಬೇಲೂರಿನ ಬಾಗ್ಲುಗಳವೆ ಮೇಷ್ಟ್ರೇ." ಆಚಾರ್ರು ನನ್ನ ಕಡೆ ನೋಡಿದರು. ಆ ನೋಟದಲ್ಲಿ ಸ್ವಲ್ಪ ಕುಚೇಷ್ಟೆ ಇತ್ತು. "ಈ ಎಲ್ಲಾ ಬಲ್ಲೋನ ಕೈಗೆ ಕೊಡಿ. ಏನಪ್ಪಾ, ಮಾಡ್ತೀಯಾ? ಶುರುವಿಂದ ಕೊನೆಗಂಟ ನೀನೊಬ್ನೇ ಮುಗಿಸಿದ್ರೆ, ಜನವರಿ ಇಪ್ಪತ್ತೇಳನೇ ತಾರೀಕು ಬಟ್ಟೆ ಚೀಲ ತಗೊಂಡು ಕೆಲ್ಸಕ್ಕೆ ಬಾ. ಅರ್ಧಕ್ಕೆ ಬಿಟ್ರೆ ಈ ಕಡೆ ಬಸ್ ಹತ್ಲೇಬೇಡ."

ಅರ್ಧ ಎಂಬ ಶಬ್ದ ನನ್ನ ಬೆನ್ನ ಹಿಂದೆ ಹಳೇಬೀಡಿಗೂ ಬಂದಿತ್ತು. ಮಾಡುತ್ತೇನೆ ಎಂದೆ. ದನಿ ಸ್ವಲ್ಪ ಜೋರಾಯಿತು.

ಆಚಾರ್ರು ಬೆರಳು ಮಡಚಿ ಹೇಳಿದರು: ಥಿನ್ನರ್ ಹಾಕಿ ಹಳೇದನ್ನೆಲ್ಲ ಎಬ್ಬಿಸು, ಗೆರೆಯ ಉದ್ದಕ್ಕೇ ಉಜ್ಜು, ಅಗಸೆ ಎಣ್ಣೆ ತೆಳ್ಳಗೆ ಕುಡಿಸು, ಗೊತ್ತಾಗದಿದ್ದರೆ ಬಂದು ಕೇಳು. "ಇನ್ನೊಂದು. ಬುಡದ ಎಡಗಡೆ ಒಂದು ಹಿತ್ತಾಳೆ ತಗಡೈತೆ. ಅದನ್ನ ಮಾತ್ರ ಬಿಚ್ಬೇಡ."

ವೀಳ್ಯದೆಲೆಯ ಆಕಾರದ ಚಂದದ ತಗಡು. ಮೇಷ್ಟ್ರು ಅದನ್ನು ಹೆಬ್ಬೆರಳಿನಿಂದ ಸವರಿದರು. "ಇದು ಏನು ಗೊತ್ತೇನಯ್ಯ? ಹಿಂದಿನ ಕಾಲದಲ್ಲಿ ಗುರಿ ತಪ್ಪದ ಸಿಪಾಯಿ ಕೋವಿಗೆ ಮಾತ್ರ ಇದನ್ನ ಹೊಡೀತಿದ್ರು. ನಲವತ್ತು ವರ್ಷದಿಂದ ಮಕ್ಕಳಿಗೆ ಹೇಳ್ಕೊಂಡು ಬಂದಿದೀನಿ."

ಆಚಾರ್ರು ಥಟ್ಟನೆ ತಿರುಗಿ, ಆಗಲೇ ನುಣ್ಣಗಿದ್ದ ಹಲಗೆಯೊಂದನ್ನು ಮತ್ತೆ ಉಜ್ಜತೊಡಗಿದರು. ನನಗೆ ಆಗ ಏನೂ ಅನ್ನಿಸಲಿಲ್ಲ.

ಕೋವಿಯನ್ನು ದುಪ್ಪಟಿಯಲ್ಲಿ ಸುತ್ತಿ ಅರಸೀಕೆರೆ ಬಸ್ಸು ಹತ್ತಿದೆ. ಕಂಡಕ್ಟರು ಉದ್ದನೆಯ ಮೂಟೆಯನ್ನು ಮೇಲಿಂದ ಕೆಳಗೆ ನೋಡಿ, "ಇದೇನ್ಲಾ, ನಿಮ್ಮ ತಾತನ್ನ ಒಣಗಿಸ್ಕೊಂಡು ಹೊಂಟಿದ್ದೀಯಾ?" ಎಂದ. ಜಾವಗಲ್ ಹತ್ತಿರದ ರಸ್ತೆ ಉಬ್ಬಿಗೆ ದುಪ್ಪಟಿ ಜಾರಿ ಪೈಪಿನ ಮೂತಿ ಹೊರಗೆ ಬಂತು. ಪಕ್ಕದ ಅಜ್ಜಿ ಎದ್ದು ಹೋಗಿ ಡ್ರೈವರ್ ಹಿಂದೆ ನಿಂತಳು. ಸೀಟು ಪೂರ್ತಿ ನನಗೇ ಸಿಕ್ಕಿತು. "ಮೂತಿ ಒಳಗೆ ಹಾಕ್ಲಾ ಮಾರಾಯ, ಮುಂದೆ ಪೊಲೀಸ್ ಠಾಣೆ ಬತ್ತೈತೆ" ಎಂದು ಕಂಡಕ್ಟರು ಅರಸೀಕೆರೆ ಬರುವ ತನಕ ನನ್ನ ಪಕ್ಕದಲ್ಲೇ ಕಾವಲು ಕೂತ.

ಮನೆಯ ಹಿಂದಿನ ತೆಂಗಿನ ನೆರಳಲ್ಲಿ ಕೆಲಸ ಶುರುವಾಯಿತು. ಥಿನ್ನರ್ ಹಾಕಿ ಒರೆಸಿದಂತೆ ನಲವತ್ತು ಆಯುಧಪೂಜೆಗಳು ಒಂದೊಂದಾಗಿ ಎದ್ದು ಬಂದವು. ಕಪ್ಪು, ಕಂದು, ಕುಂಕುಮದ ಒಂದು ಪದರ, ಅರಿಸಿನದ್ದು ಒಂದು, ಮಧ್ಯೆ ಯಾರೋ ಪುಣ್ಯಾತ್ಮರು ಬಳಿದ ಹಸಿರು ಆಯಿಲ್ ಪೇಂಟು. ಒಂದು ಪದರದಲ್ಲಿ ಅಂಟಿಕೊಂಡ ಮಲ್ಲಿಗೆಯ ಎಸಳು ಕೂಡ ಸಿಕ್ಕಿತು. ಆಮೇಲೆ ಸ್ಯಾಂಡ್ ಪೇಪರ್. ಆಚಾರ್ರು ಗೆರೆಯ ಉದ್ದಕ್ಕೆ ಎಂದಿದ್ದರು. ಅಡ್ಡಡ್ಡ ಉಜ್ಜಿದರೆ ಬೇಗ ಆಗುತ್ತದೆಂದು ನಾನು ಕಂಡುಹಿಡಿದೆ. ಎರಡನೇ ದಿನ ನೋಡಿದರೆ ಮರದ ತುಂಬಾ ಬೆಕ್ಕು ಪರಚಿದ ಗೀರು. ಅದನ್ನು ಅಳಿಸಲು ಉದ್ದಕ್ಕೆ ಹತ್ತು ದಿನ ಉಜ್ಜಿದೆ, ಆದರೂ ಸಣ್ಣವು ಉಳಿದವು. ಬೆರಳ ತುದಿ ಸವೆದು ಫೋನಿನ ಲಾಕು ನನ್ನನ್ನು ಗುರುತಿಸುವುದನ್ನೇ ಬಿಟ್ಟಿತು. ಆದರೆ ಅಡಿಯಿಂದ ಹಲಸಿನ ಮರ ಬೆಲ್ಲದ ಬಣ್ಣದಲ್ಲಿ ಎದ್ದಿತ್ತು. ನಾನು ಅದನ್ನು ತಿರುಗಿಸಿ ತಿರುಗಿಸಿ ನೋಡಿದೆ. ಜೀವನದಲ್ಲಿ ಮೊದಲ ಸಲ ಮಧ್ಯಾಹ್ನದ ಊಟ ಮರೆತೆ.

ಈಗ ಅಗಸೆ ಎಣ್ಣೆ. ಅದಕ್ಕೆ ಅರಸೀಕೆರೆಗೆ ಹೋಗಬೇಕಿತ್ತು. ಹೋಗುವುದಕ್ಕೆ ಬೇಸರವೇನಿಲ್ಲ, ಆದರೆ ಅಭಿಮಾನ ಅಡ್ಡ ಬಂತು. ಮೂರು ತಲೆಮಾರಿನಿಂದ ತೆಂಗು ಬೆಳೆದ ಮನೆ. ಅಟ್ಟದ ತುಂಬ ಕಾಯಿ ಒಣಗುತ್ತಿವೆ. ಅಡುಗೆಮನೆಯಲ್ಲಿ ಗಾಣದ ಕೊಬ್ಬರಿ ಎಣ್ಣೆಯ ದೊಡ್ಡ ಡಬ್ಬವಿದೆ. ತಲೆಗೆ ಅದು, ಕೈಕಾಲು ಒಡೆದರೆ ಅದು, ಬಾಗಿಲು ಕಿರುಗುಟ್ಟಿದರೂ ಅದೇ. ಅಂಥಾದ್ದರಲ್ಲಿ ಕಂಡವರ ಅಗಸೆ ಎಣ್ಣೆ ಹುಡುಕಿಕೊಂಡು ಹೋಗುವುದೇ?

"ಅವ್ವ, ಮರಕ್ಕೆ ನಮ್ಮ ಎಣ್ಣೆ ಹಾಕಿದ್ರೆ ಹೆಂಗೆ?"

"ಹಾಕ್ಲಾ. ನೀನು ಹುಟ್ಟಿದಾಗಿಂದ ಅದೇ ಹಚ್ಚಿ ಸಾಕಿಲ್ವಾ? ಏನು ಕಮ್ಮಿ ಆಗೈತೆ?"

ಆ ಪ್ರಶ್ನೆಗೆ ಉತ್ತರ ಕಣ್ಣೆದುರೇ ನಿಂತಿತ್ತು, ಇಬ್ಬರೂ ಗಮನಿಸಲಿಲ್ಲ.

ಕಾರ್ತಿಕ ಮಾಸದುದ್ದಕ್ಕೂ ಬೆಳಿಗ್ಗೆ ಸಂಜೆ ಎಣ್ಣೆ ಹಚ್ಚಿ ತಿಕ್ಕಿದೆ. ಆಗಿನ್ನೂ ಚಳಿ ಬಿದ್ದಿರಲಿಲ್ಲ. ಹಲಸು ಎಷ್ಟು ಕೊಟ್ಟರೂ ಕುಡಿಯುತ್ತಿತ್ತು. ಕೋವಿ ಕೂಸಿನ ಹಾಗೆ ಮಿರಿಮಿರಿ ಮಿಂಚಿತು. ಫೋಟೊ ತೆಗೆದು ಸ್ಟೇಟಸ್ ಹಾಕಿದೆ. ಅರ್ಧ ಸೀನ ಪೂರ್ತಿ ಆದ ಎಂದು ಗೆಳೆಯರು ಬರೆದರು. ನಾನು ಗೆದ್ದೆನೆಂದುಕೊಂಡು, ಆಪರೇಷನ್ ಮುಗಿಸಿ ಕಪ್ಪು ಕನ್ನಡಕ ಹಾಕಿ ಕೂತಿದ್ದ ಮೇಷ್ಟ್ರಿಗೆ ತೋರಿಸಲು ಹಳೇಬೀಡಿಗೆ ಹೊತ್ತುಕೊಂಡು ಹೋದೆ. ಅವರಿಗೆ ಇನ್ನೂ ಎಲ್ಲಾ ಮಂಜು ಮಂಜು. ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು ಅಂಗೈಯಲ್ಲಿ ತುದಿಯಿಂದ ಬುಡದ ತನಕ ನಿಧಾನವಾಗಿ ಸವರಿದರು. ಒಂದೊಂದು ಗೀರಿನ ಹತ್ತಿರವೂ ಬೆರಳು ನಿಂತು ಮುಂದೆ ಹೋಯಿತು.

"ಶ್ರಮ ಹಾಕಿದೀಯ. ಗೊತ್ತಾಗ್ತೈತೆ" ಎಂದರು. ಆಮೇಲೆ ಮೂಗಿನ ಹತ್ತಿರ ತಂದರು. "ಆದ್ರೆ ಇದ್ಯಾಕಯ್ಯ ನಮ್ಮನೆಯವಳ ಜಡೆ ವಾಸ್ನೆ ಬತ್ತಾ ಐತೆ?"

ಒಳಗಿನಿಂದ ಅವರ ಹೆಂಡತಿ, "ಕೋವಿ ಪಕ್ಕ ಮಲಗೋ ಆಸೆ ಇದ್ರೆ ಹಂಗಂತ ಹೇಳಿ, ನನ್ನ ಜಡೆ ಯಾಕೆ ಎಳೀತೀರಾ" ಎಂದರು. ಎಲ್ಲರೂ ನಕ್ಕೆವು. ನಾನೇ ಜಾಸ್ತಿ ನಕ್ಕೆ.

ಡಿಸೆಂಬರಿನ ಎರಡನೇ ವಾರ ಚಳಿ ಒಮ್ಮೆಲೇ ಇಳಿಯಿತು. ಬೆಳಿಗ್ಗೆ ಎದ್ದು ಕೋವಿಯ ಮೇಲಿನ ಬಟ್ಟೆ ತೆಗೆದೆ. ಕೋವಿ ಬೆಳ್ಳಗಾಗಿತ್ತು. ಪೂರ್ತಿ ಅಲ್ಲ, ಮೈಯೆಲ್ಲ ಬಿಳಿ ಮಚ್ಚೆ, ಒಂದೊಂದು ಗೀರಿನಲ್ಲೂ ಸುಣ್ಣದ ಗೆರೆ. ನಾನು ಅಡ್ಡಡ್ಡ ಉಜ್ಜಿದ ಪಾಪವನ್ನೆಲ್ಲ ಯಾರೋ ಬಿಳಿ ಶಾಯಿಯಲ್ಲಿ ಬರೆದು ತೋರಿಸಿದ ಹಾಗಿತ್ತು. ಬೂಷ್ಟು ಬಂತೆಂದು ಹೆದರಿ ಬಿಸಿಲಿಗೆ ಇಟ್ಟೆ. ಹತ್ತು ನಿಮಿಷಕ್ಕೆ ಮಾಯ! ಮರುದಿನ ಬೆಳಿಗ್ಗೆ ಮತ್ತೆ ಬಿಳಿ. ಅದೇ ಹೊತ್ತಿಗೆ ಅವ್ವ ಹೆಪ್ಪುಗಟ್ಟಿದ ಎಣ್ಣೆ ಬಾಟಲು ತಂದು ಕೋವಿಯ ಪಕ್ಕದಲ್ಲೇ ಇಟ್ಟಳು. ಎರಡನ್ನೂ ಒಟ್ಟಿಗೆ ನೋಡಿದೆ. ಅವ್ವನೂ ನೋಡಿದಳು.

ಆಗಲಾದರೂ ಆಚಾರ್ರ ಹತ್ತಿರ ಓಡಬೇಕಿತ್ತು. ಓಡಲಿಲ್ಲ. ಎಲ್ಲಾ ಬಲ್ಲವನಲ್ಲವೇ ನಾನು. ಮೇಲೆ ಪಾಲಿಶ್ ಎಳೆದು ಮುಚ್ಚಿಬಿಡೋಣ ಎಂದುಕೊಂಡೆ. ಎಳೆದ ಪಾಲಿಶ್ ಎಣ್ಣೆಯ ಮೇಲೆ ಹನಿಹನಿಯಾಗಿ ಉರುಳಿ, ಒಣಗಿ, ಹೊಸ ಕಾವಲಿಯ ಮೊದಲ ದೋಸೆಯಂತೆ ಚೂರುಚೂರಾಗಿ ಎದ್ದು ಬಂತು. ಕೆರೆದು ತೆಗೆದು ತಲೆ ಬಿಸಿಯಾಗಿ, ಕೋವಿಯನ್ನು ಅಟ್ಟದ ಏಣಿಗೆ ಒರಗಿಸಿಟ್ಟು ಮಲಗಿದೆ.

ನಮ್ಮ ಅಟ್ಟದ ಇಲಿಗಳು ಸಾಮಾನ್ಯದವಲ್ಲ. ತಲೆತಲಾಂತರದಿಂದ ಕೊಬ್ಬರಿ ತಿಂದು ಬೆಳೆದವು. ಬೆಕ್ಕು ಅವನ್ನು ಕಂಡರೆ ದಾರಿ ಬಿಡುತ್ತದೆ. ಬೆಳಿಗ್ಗೆ ನೋಡಿದರೆ ಕೋವಿಯ ಬುಡದ ಬಲಗಡೆ ಅಂಗೈಯಗಲ ಹಲ್ಲಿನ ಗುರುತು. ಮೆಲ್ಲಗೆ ರುಚಿ ನೋಡಿದ್ದಲ್ಲ, ಪಂಕ್ತಿ ಹಾಕಿ ಕೂತು ಉಂಡದ್ದು. ಹಲಸಿನ ಮರ ನುಚ್ಚುನುಚ್ಚಾಗಿ ಏಣಿಯ ಕೆಳಗೆ ಬಿದ್ದಿತ್ತು.

ನಾನು ಜಗುಲಿಯ ಮೇಲೆ ಕೋವಿ ಹಿಡಿದು ಕೂತಿದ್ದೆ. ಅಪ್ಪ ಬಂದು ನಿಂತರು. ತುಂಬಾ ಹೊತ್ತು ಅದನ್ನೇ ನೋಡಿದರು.

"ಕೊಡ್ಲಾ ಇಲ್ಲಿ" ಎಂದರು. ಸಿಟ್ಟಿರಲಿಲ್ಲ ದನಿಯಲ್ಲಿ. "ನಾನೇ ಹೋಗಿ ಮೇಷ್ಟ್ರಿಗೆ ಒಪ್ಪಿಸಿ, ತಪ್ಪಾಯ್ತು ಅಂತ ಕೈ ಮುಗಿದು ಬತ್ತೀನಿ. ನೀನು ಬ್ಯಾಡ."

ಅಪ್ಪ ನನ್ನ ಪರವಾಗಿ ಎಷ್ಟು ಜನರ ಮುಂದೆ ಹೀಗೆ ಕೈ ಮುಗಿದಿದ್ದಾರೆ ಎಂದು ಒಂದೊಂದಾಗಿ ನೆನಪಾಯಿತು. ಕಾಲೇಜಿನಲ್ಲಿ, ಡ್ರೈವಿಂಗ್ ಸ್ಕೂಲಿನಲ್ಲಿ, ಅಣಬೆಯ ಬೀಜ ಕೊಟ್ಟವರ ಅಂಗಡಿಯಲ್ಲಿ. ಕೋವಿ ಬಿಡಲಿಲ್ಲ.

"ಬ್ಯಾಡಪ್ಪ. ಹಾಳು ಮಾಡಿರೋನು ನಾನು. ನಾನೇ ಹೋಯ್ತೀನಿ. ಸರಿ ಮಾಡೇ ಕೊಡ್ತೀನಿ."

ಅಪ್ಪ ತೋಟಕ್ಕೆ ಹೋದರು. ನಾನು ಮೊದಲ ಬಸ್ಸಿಗೇ ಹೊರಟೆ. ಚಳಿಗೆ ಕೋವಿ ದಾರಿಯುದ್ದಕ್ಕೂ ಬೆಳ್ಳಗೇ ಇತ್ತು. ಒಳ್ಳೆಯದೇ ಆಯಿತು, ಆಚಾರ್ರಿಗೆ ನಾನು ಬಾಯಲ್ಲಿ ಹೇಳಬೇಕಾದ್ದು ಕಮ್ಮಿಯಾಯಿತು.

ಆದರೂ ಹೇಳಿದೆ. ಅಡ್ಡ ಉಜ್ಜಿದ್ದು, ಕೊಬ್ಬರಿ ಎಣ್ಣೆ, ಪಾಲಿಶ್ ದೋಸೆ, ಇಲಿ, ಒಂದನ್ನೂ ಬಿಡಲಿಲ್ಲ. "ನಂಗೆ ಏನೂ ಬರಲ್ಲ ಆಚಾರ್ರೇ. ಸುಳ್ಳು ಹೇಳ್ದೆ. ಹೆಂಗೆ ಸರಿ ಮಾಡೋದು ಹೇಳ್ಕೊಡಿ. ಮಾಡೋದು ನಾನೇ ಮಾಡ್ತೀನಿ."

ಆಚಾರ್ರು ಕೋವಿಯ ಮೇಲೆ ಉಗುರಿನಿಂದ ಗೀರಿದರು. ಬಿಳಿಯ ಎಣ್ಣೆ ಬೆಣ್ಣೆಯ ಹಾಗೆ ಉಗುರಿಗೆ ಬಂತು. ಮೂಸಿ ನೋಡಿದರು. ಭುಜ ಅಲುಗತೊಡಗಿತು. ನಗುತ್ತಾ ನಗುತ್ತಾ ಮರದ ಹೊಟ್ಟಿನ ರಾಶಿಯ ಮೇಲೆ ಕೂತೇಬಿಟ್ಟರು.

"ಅಯ್ಯೋ ನಿನ್ನ! ಕೋವಿಗೆ ಎಣ್ಣೆಸ್ನಾನ ಮಾಡ್ಸಿದ್ಯಲ್ಲೋ! ಸೀಗೆಪುಡಿ ತಂದಿದ್ದೀಯಾ, ತಿಕ್ಕಿ ನೀರು ಹುಯ್ಯಾನ?" ಕಣ್ಣು ಒರೆಸಿಕೊಂಡರು. "ಅಗಸೆ ಎಣ್ಣೆ ಗಾಳಿ ಕುಡಿದು ಗಟ್ಟಿಯಾಗಿ ಮರಾನೇ ಆಗೋಯ್ತದೆ. ಕೊಬ್ಬರಿ ಎಣ್ಣೆ ಒಣಗಾಕಿಲ್ಲ ಕಣಪ್ಪ. ಮಾವನ ಮನೆಗೆ ಬಂದ ಅಳಿಯನ ಹಂಗೆ ಒಳಗೇ ಕೂತಿರ್ತದೆ."

ಆಮೇಲೆ ಅವರ ನಗು ನಿಂತಿತು. ಹಿತ್ತಾಳೆ ತಗಡಿನ ಸುತ್ತ ಬಿಳಿಯ ಅಂಚೊಂದು ಕಟ್ಟಿತ್ತು. ಎಣ್ಣೆ ತಗಡಿನ ಅಡಿಗೂ ಇಳಿದಿತ್ತು.

"ಇದನ್ನ ಬಿಚ್ಚದೆ ಆಗಲ್ಲ" ಎಂದರು, ತಮಗೇ ಹೇಳಿಕೊಂಡಂತೆ.

"ನೀವು ಮುಟ್ಬೇಡ ಅಂದಿದ್ರಿ."

ಅವರು ಶೆಡ್ಡಿನ ಬಾಗಿಲ ಕಡೆ ಒಮ್ಮೆ ನೋಡಿ, ತಾವೇ ಸ್ಕ್ರೂಡ್ರೈವರ್ ತೆಗೆದುಕೊಂಡರು. ನಾಲ್ಕು ಸ್ಕ್ರೂ. ತಗಡು ಎದ್ದಿತು. ಅಡಿಯಲ್ಲಿ ಮರ ಉದ್ದಕ್ಕೆ ಸೀಳಿತ್ತು. ಸೀಳಿಗೆ ಅರಗು, ಮರದ ಹುಡಿ ತುಂಬಿ ಹೇಗೋ ಮುಚ್ಚಿದ್ದರು. ನನ್ನಂಥ ದಡ್ಡನಿಗೂ ಗೊತ್ತಾಗುವ ಅವಸರದ ಕೆಲಸ.

"ಇದು ನಂದು" ಎಂದರು ಆಚಾರ್ರು. "ನಾನು ಸ್ವಂತ ಮಾಡಿದ ಮೊದಲನೇ ಕೆಲ್ಸ. ಮರ ಇನ್ನೂ ಹಸಿ ಐತೆ ಅಂತ ನಮ್ಮಪ್ಪ ಹೇಳಿದ್ರು. ನಂಗೂ ಎಲ್ಲಾ ಬತ್ತಿತ್ತಲ್ಲ, ಕೇಳ್ಲಿಲ್ಲ. ನಾಟಕದ ಹಿಂದಿನ ದಿನ ಪಟಾರ್ ಅಂತು. ನಮ್ಮವ್ವನ ಹಳೇ ಹರಿವಾಣ ಕತ್ತರಿಸಿ ಮುಚ್ಚಿದೆ. ಮೇಷ್ಟ್ರು ನೋಡಿ, ಇದೇನು ರುದ್ರ ಅಂದ್ರು. ಹಳೇ ಕೋವೀಲಿ ಹಿಂಗೇ ಇರ್ತದೆ ಅಂದೆ. ಅವರು ಅದಕ್ಕೆ ಗುರಿ ತಪ್ಪದ ಸಿಪಾಯಿ ಕತೆ ಕಟ್ಟಿದ್ರು. ಆಮೇಲೆ ಹೆಂಗೆ ಹೇಳ್ಲಿ?"

ಈ ಸಲ ನಾನು ನಗಬೇಕಿತ್ತು. ಬರಲಿಲ್ಲ. ನಲವತ್ತು ವರ್ಷ ಒಂದು ತಗಡಿನ ಮೇಲೆ ಕಣ್ಣಿಟ್ಟುಕೊಂಡು ಬದುಕಿದವರ ಮುಖ ಹತ್ತಿರದಿಂದ ನೋಡಿದೆ.

ಅವರು ದಾರಿ ಹೇಳಿದರು. ಸೀಮೆಸುಣ್ಣವನ್ನು ನುಣ್ಣಗೆ ಪುಡಿ ಮಾಡಿ ಥಿನ್ನರಿನಲ್ಲಿ ಕಲಸಿ, ಮರಕ್ಕೆ ಮೆತ್ತಿ ಬಿಸಿಲಿಗಿಡಬೇಕು. ಬಿಸಿಲಿಗೆ ಎಣ್ಣೆ ಕರಗಿ ಮೇಲೆ ಬರುತ್ತದೆ, ಸುಣ್ಣ ಅದನ್ನು ಹೀರುತ್ತದೆ. ಒಣಗಿದ ಮೇಲೆ ಉದುರಿಸಿ ಮತ್ತೆ ಮೆತ್ತಬೇಕು. ಎಷ್ಟು ಸಲ? "ಅದನ್ನ ನೀನು ಕುಡಿಸಿರೋ ಎಣ್ಣೆ ಹೇಳ್ತದೆ."

ಸೀಮೆಸುಣ್ಣಕ್ಕೆ ಮೇಷ್ಟ್ರ ಮನೆಗೇ ಹೋದೆ. ಅಟ್ಟದಿಂದ ಒಂದು ಹಳೇ ಬಿಸ್ಕತ್ ಡಬ್ಬ ಇಳಿಸಿ ಕೊಟ್ಟರು. "ಮಕ್ಕಳ ಮೇಲೆ ಎಸೆದು ಉಳಿದಿದ್ದು. ಯಾಕಯ್ಯ?"

"ಕೋವಿಗೆ ಪೌಡರ್ ಹಚ್ಚಾಕೆ ಸಾ."

"ಸರಿ. ಎಣ್ಣೆ ಹಚ್ಚಿದ ಮೇಲೆ ಪೌಡರ್ ಹಚ್ಚೋದೇ ಕ್ರಮ" ಎಂದರು, ಮುಖದಲ್ಲಿ ಒಂದು ಗೆರೆಯೂ ಅಲುಗದೆ.

ಅವ್ವ ಒರಳಲ್ಲಿ ಸೀಮೆಸುಣ್ಣ ಕುಟ್ಟಿದಳು, ಉಪ್ಪು ಖಾರ ಎಷ್ಟು ಹಾಕಲಿ ಎಂದು ಕೇಳುತ್ತಾ. ನಾನು ಮೆತ್ತಿದೆ. ಬಿಸಿಲಿಗಿಟ್ಟೆ. ಉದುರಿಸಿದೆ. ರಾತ್ರಿ ಅದನ್ನು ಇಲಿಗಳಿಂದ ಕಾಪಾಡಲು ತಗಡಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಬೆಳಕು ಹರಿಯುವಾಗ ತೆಗೆದು ಚಳಿಯಲ್ಲಿ ಜಗುಲಿಯ ಮೇಲೆ ಇಡುತ್ತಿದ್ದೆ. ನನ್ನ ಮಾನ ಕಳೆದ ಚಳಿಯೇ ಈಗ ಪರೀಕ್ಷೆಯ ಮೇಷ್ಟ್ರು. ಮರ ಬೆಳ್ಳಗಾದರೆ ಒಳಗೆ ಇನ್ನೂ ಎಣ್ಣೆ ಇದೆ ಎಂದು ಅರ್ಥ. ಮೊದಲ ದಿನ ಬೆಳ್ಳಗಾಯಿತು. ನಾಲ್ಕನೇ ದಿನ ಬೆಳ್ಳಗಾಯಿತು. ಏಳನೇ ಸಲದ ಹೊತ್ತಿಗೆ ಬೀದಿಯಲ್ಲಿ ಹೋಗುವವರೆಲ್ಲ ನಿಂತು, "ಏನ್ಲಾ, ಪಾಸಾ ಫೇಲಾ?" ಎಂದು ಕೇಳಿಕೊಂಡು ಹೋಗುತ್ತಿದ್ದರು. ಫೇಲು ಎಂದು ಕೂಗಿ ಹೇಳುತ್ತಿದ್ದೆ. ಫೇಲಾಗುವುದರಲ್ಲಿ ನನಗೆ ಅನುಭವವಿತ್ತು. ಫೇಲಾದ ಮೇಲೆ ಮರುದಿನವೂ ಪರೀಕ್ಷೆಗೆ ಕೂರುವುದು ಮಾತ್ರ ಹೊಸದು. ಒಂದು ದಿನ ಮೋಡ ಕವಿದು ಬಿಸಿಲೇ ಬರದಿದ್ದಾಗ, ಥಿನ್ನರ್ ಪೂರ್ತಿ ಆರಿದ ಮೇಲೆ ಅವ್ವನ ನೀರೊಲೆಯ ಮುಂದೆ ಕೋವಿ ಹಿಡಿದು ಮಧ್ಯಾಹ್ನದ ತನಕ ಕೂತೆ. ಸ್ನಾನಕ್ಕೆ ಬಂದ ಅಪ್ಪ ನನ್ನನ್ನು ದಾಟಿಕೊಂಡು ಹೋಗಿ ನೀರು ಮೊಗೆದರು. ಬಿಟ್ಟುಬಿಡು ಎನ್ನಲಿಲ್ಲ.

ಹನ್ನೊಂದನೇ ಸಲ ಉದುರಿಸಿದ ಮರುದಿನ ಚಳಿ ಜೋರಿತ್ತು. ಬಾಯಿಂದ ಹೊಗೆ ಬರುತ್ತಿತ್ತು. ಅವ್ವನ ಬಾಟಲು ಕಲ್ಲಾಗಿತ್ತು. ಕೋವಿ ಬೆಲ್ಲದ ಬಣ್ಣದಲ್ಲೇ ಇತ್ತು. ಬೆರಳಿಟ್ಟು ನೋಡಿದೆ, ಒಣ ಮರ. ಹತ್ತು ಸಲ ತಿರುಗಿಸಿ ನೋಡಿದೆ. ಬೀದಿಯ ಕಡೆ ತಿರುಗಿ "ಪಾಸು!" ಎಂದು ಕೂಗಿದೆ. ಆ ಹೊತ್ತಿನಲ್ಲಿ ಬೀದಿಯಲ್ಲಿ ಒಂದು ಎಮ್ಮೆ ಮಾತ್ರ ಇತ್ತು. ಅದೂ ನೋಡಿತು.

ಉಳಿದದ್ದು ಮೂರು ವಾರ. ಗೆರೆಯ ಉದ್ದಕ್ಕೆ, ಬರೀ ಉದ್ದಕ್ಕೆ, ಎಲ್ಲಾ ಗೀರು ಹೋಗುವ ತನಕ ಉಜ್ಜಿದೆ. ಅರಸೀಕೆರೆಯಿಂದ ಅಗಸೆ ಎಣ್ಣೆ ತಂದೆ. ತೆಳ್ಳಗೆ ಹಚ್ಚಿ, ಹೆಚ್ಚಾದದ್ದನ್ನು ಒರೆಸಿ, ಮೂರು ದಿನ ಕಾದು, ಮತ್ತೆ ಹಚ್ಚಿದೆ. ಆಚಾರ್ರ ಸೀಳನ್ನು ಅವರೇ ಹೇಳಿದಂತೆ ಹೊಸದಾಗಿ ತುಂಬಿ, ಹಿತ್ತಾಳೆ ಎಲೆಯನ್ನು ಅದರ ಜಾಗಕ್ಕೆ ಕೂರಿಸಿದೆ. ಬಲಗಡೆಯ ಇಲಿ ಹಲ್ಲು ಮಾತ್ರ ಹೋಗಲೊಲ್ಲದು. ಅಷ್ಟು ಆಳ ಉಜ್ಜಿದರೆ ಬುಡವೇ ಸಣ್ಣದಾಗುತ್ತಿತ್ತು. ಆಚಾರ್ರನ್ನು ಫೋನಿನಲ್ಲಿ ಕೇಳಿದೆ. ಅವರು, "ನಿಮ್ಮವ್ವನ ಹತ್ರ ಹಳೇ ಹಿತ್ತಾಳೆ ಏನಾದ್ರೂ ಐತೇನೋ?" ಎಂದರು.

ಅವ್ವ ಸೋರುವ ತಂಬಿಗೆಯೊಂದನ್ನು ಹುಡುಕಿ ಕೊಟ್ಟಳು. ಅದರಲ್ಲಿ ಎರಡು ಎಲೆ ಕತ್ತರಿಸಿದೆ. ಮೊದಲನೆಯದು ಬದನೆಕಾಯಿಯ ಹಾಗೆ ಬಂತು.

ಜನವರಿ ಇಪ್ಪತ್ತಾರರ ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ಮೇಷ್ಟ್ರು ಇಸ್ತ್ರಿ ಮಾಡಿದ ಖಾಕಿಯಲ್ಲಿ ಕಾಯುತ್ತಿದ್ದರು. ಹೊಸ ಕನ್ನಡಕ. ನಾನು ದುಪ್ಪಟಿ ಬಿಚ್ಚಿ ಕೋವಿಯನ್ನು ಎರಡೂ ಕೈಯಲ್ಲಿ ಕೊಟ್ಟೆ. ಬಿಸಿಲಿಗೆ ಹಲಸಿನ ಗೆರೆಗಳು ಒಂದೊಂದೂ ಕಾಣುತ್ತಿದ್ದವು. ಅವರು ಕನ್ನಡಕ ಹಣೆಯ ಮೇಲೆ ಏರಿಸಿ, ಕಣ್ಣು ಮುಚ್ಚಿ, ಅಂದಿನ ಹಾಗೆಯೇ ಅಂಗೈಯಲ್ಲಿ ತುದಿಯಿಂದ ಬುಡಕ್ಕೆ ಸವರಿದರು. ಕೈ ಎಲ್ಲೂ ನಿಲ್ಲಲಿಲ್ಲ. ಎಡಗಡೆಯ ಎಲೆ ದಾಟಿತು. ಬಲಗಡೆ ಬಂತು. ನಿಂತಿತು. ಮೇಷ್ಟ್ರು ಕಣ್ಣು ಬಿಟ್ಟು ಹೊಸ ಎಲೆಯನ್ನು ನೋಡಿದರು, ನನ್ನನ್ನು ನೋಡಿದರು, ಕೋವಿಯನ್ನು ಹೆಗಲಿಗೇರಿಸಿ ಧ್ವಜಸ್ತಂಭದ ಕಡೆ ಎಡ ಬಲ ಹಾಕುತ್ತಾ ನಡೆದರು.

ನಾಟಕ ಮುಗಿದ ಮೇಲೆ ಮಕ್ಕಳು ಮುತ್ತಿಕೊಂಡರು. ಆಚಾರ್ರೂ ಬಂದು ಬೇವಿನ ಮರದ ಕೆಳಗೆ ನಿಂತಿದ್ದರು. ಮೇಷ್ಟ್ರು ಎಂದಿನಂತೆ ಎಡಗಡೆಯ ಎಲೆ ತೋರಿಸಿದರು. "ಇದು ಗುರಿ ತಪ್ಪದ ಸಿಪಾಯಿಗೆ ಕೊಡ್ತಿದ್ದ ಗುರುತು."

ಎರಡು ಜಡೆಯ ಒಬ್ಬಳು ಬಗ್ಗಿ ಬಲಗಡೆ ನೋಡಿದಳು. "ಸಾ, ಈ ಕಡೆ ಇನ್ನೊಂದೈತೆ. ಹೋದ್ ವರ್ಷ ಇರ್ಲಿಲ್ಲ."

ನಾನು ನೆಲ ನೋಡಿದೆ.

"ಇದಾ?" ಎಂದರು ಮೇಷ್ಟ್ರು. "ಇದು ಗುರಿ ತಪ್ಪಿದ ಮೇಲೂ ಓಡಿಹೋಗದೆ ನಿಂತ ಸಿಪಾಯಿಗೆ. ಸಿಗೋದು ಕಷ್ಟ. ಅದಕ್ಕೆ ಇಷ್ಟು ವರ್ಷ ಇರ್ಲಿಲ್ಲ."

ಮಕ್ಕಳು ಚದುರಿದ ಮೇಲೆ ಅವರು ನನ್ನ ಹತ್ತಿರ ಬಗ್ಗಿದರು. "ಇದರ ಅಡಿಯಲ್ಲಿ ಏನೈತೆ ಅಂತ ನಾನು ಕೇಳಲ್ಲ ಕಣಯ್ಯ. ಆ ಕಡೇದರ ಅಡಿಯಲ್ಲಿ ಏನೈತೆ ಅಂತ್ಲೂ ನಲವತ್ತು ವರ್ಷದಿಂದ ಕೇಳಿಲ್ಲ." ಹೇಳುವಾಗ ಅವರ ದನಿ ಬೇವಿನ ಮರಕ್ಕೆ ಕೇಳಿಸುವಷ್ಟು ದೊಡ್ಡದಾಗಿತ್ತು. ಆಚಾರ್ರು ತಲೆಯೆತ್ತಿ ಬಾವುಟವನ್ನು ಬಹಳ ಹೊತ್ತು ನೋಡುತ್ತಾ ನಿಂತರು. ಆಮೇಲೆ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು ನನ್ನ ಹತ್ತಿರ ಬಂದರು.

"ನಾಳೆ ಬೆಳಿಗ್ಗೆ ಬಟ್ಟೆ ಚೀಲ ತಗೊಂಡು ಬಾ. ತಲೆಗೆ ಹಚ್ಚಾಕೆ ಎಣ್ಣೆ ಬೇಕಾದ್ರೆ ಇಲ್ಲೇ ಕೊಡ್ತೀವಿ, ಊರಿಂದ ತರ್ಬೇಡ."

ಕೆಲಸಕ್ಕೆ ಸೇರಿ ಮೊದಲ ಭಾನುವಾರ ಊರಿಗೆ ಬಂದವನು ಬೆಳಿಗ್ಗೆಯೇ ಬ್ರಷ್ಷು ಹಿಡಿದು ಕಾಂಪೌಂಡ್ ಗೋಡೆಯ ಉಳಿದರ್ಧಕ್ಕೆ ಕೂತೆ. ಅಂಗಡಿಯಲ್ಲಿ ಹಳೇ ನೀಲಿ ಸಿಕ್ಕಿರಲಿಲ್ಲ, ಹತ್ತಿರದ ಬಣ್ಣ ಕೊಟ್ಟಿದ್ದರು. ಗೇಟಿನಿಂದ ಆಚೆಗೆ ಗೋಡೆ ಬೇರೆಯೇ ನೀಲಿಯಾಯಿತು. ನಮ್ಮದು ಈಗ ಊರಲ್ಲಿ ಎರಡು ನೀಲಿ ಗೋಡೆ ಮನೆ. ಅಪ್ಪ ಹೊರಗೆ ಬಂದರು, ಗೋಡೆಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು, ಈ ಸಲ ಮುಖ ತಿರುಗಿಸಲಿಲ್ಲ.

"ಕಣ್ಣು ಕಾಣ್ಸಾಕಿಲ್ವೇನ್ಲಾ ನಿಂಗೆ? ಎರಡು ಡಬ್ಬ ಪಕ್ಕಪಕ್ಕ ಇಟ್ಟು ನೋಡಾಕೆ ಏನ್ ರೋಗ ಬಡ್ದಿತ್ತು?" ಎಂದು ಶುರು ಮಾಡಿದವರು ಡಿಪ್ಲೊಮಾ, ಅಣಬೆ, ಇಲಿ ಎಲ್ಲವನ್ನೂ ಸೇರಿಸಿ ಚೆನ್ನಾಗಿ ಬೈದರು. ಹೀಗೆ ಬೈದು ಎಷ್ಟು ಕಾಲವಾಗಿತ್ತು! ನಾನು ಬಣ್ಣದ ಕೈಯಲ್ಲೇ ಜಗುಲಿಗೆ ಒರಗಿ ಕೂತು ಒಂದು ಮಾತೂ ಬಿಡದೆ ಕೇಳಿಸಿಕೊಂಡೆ. ಅವರು ಮುಗಿಸುವ ಹೊತ್ತಿಗೆ ಪಕ್ಕದಲ್ಲಿದ್ದ ಅವ್ವನ ಬಾಟಲಲ್ಲಿ ಎಣ್ಣೆ ಪೂರ್ತಿ ಕರಗಿತ್ತು.